ಕಾರ್ತವೀರ್ಯಾರ್ಜುನನೂ ಕಳೆದ ಫೈಲುಗಳೂ

ನಮ್ಮ ಕಡೆಯ ಮನೆಗಳಲ್ಲಿ ಏನಾದರೂ ಕಳೆದರೆ ದೂರು ಮೊದಲು ಹೋಗುವುದು ಪೊಲೀಸ್ ಠಾಣೆಗಲ್ಲ, ಕಾರ್ತವೀರ್ಯಾರ್ಜುನನಿಗೆ. ಸಾವಿರ ತೋಳಿನ ದೊರೆ, ಮಾಹಿಷ್ಮತಿಯ ಒಡೆಯ, ರಾವಣನನ್ನೇ ಹಿಡಿದು ಸೆರೆಯಲ್ಲಿಟ್ಟವನು. ಇಷ್ಟೆಲ್ಲ ಪರಾಕ್ರಮದ ಮನುಷ್ಯನಿಗೆ ಕಲಿಯುಗದಲ್ಲಿ ನಾವು ವಹಿಸಿರುವ ಕೆಲಸವೆಂದರೆ ಓಲೆಯ ತಿರುಪು, ಬೀರುವಿನ ಬೀಗದ ಕೈ, ಗ್ಯಾಸ್ ಪುಸ್ತಕ ಹುಡುಕಿಕೊಡುವುದು. ಅವನ ಶ್ಲೋಕವನ್ನು ನೂರೆಂಟು ಸಲ ಹೇಳಿದರೆ ಕಳೆದದ್ದು ಸಿಗುತ್ತದೆ ಎಂದು ಹಿರಿಯರ ನಂಬಿಕೆ. ಎಷ್ಟೋ ಸಲ ಸಿಗುತ್ತದೆ ಕೂಡ. ನನಗಿರುವುದು ಒಂದು ಸಣ್ಣ ಅನುಮಾನ. ನೂರೆಂಟು ಸಲ ಹೇಳಿ ಮುಗಿಸಲು ಒಂದು ಕಡೆ ಕೂರಬೇಕಲ್ಲ, ಅಷ್ಟು ಹೊತ್ತು ಮನೆಮಂದಿ ಡಬ್ಬಿ ಬೋರಲು ಹಾಕುವುದು, ಹಾಸಿಗೆ ಝಾಡಿಸುವುದು, ಕಸ ಗುಡಿಸಿ ಹೊರಗೆ ಸುರಿಯುವುದು ಎಲ್ಲ ನಿಂತಿರುತ್ತದೆ. ಬಿದ್ದ ತಿರುಪು ಬಿದ್ದ ಜಾಗದಲ್ಲೇ ಉಳಿಯುತ್ತದೆ. ದೊರೆಯ ಮಹಿಮೆಯಲ್ಲಿ ಅರ್ಧ ಪಾಲು ಇದೇ ಇರಬೇಕು.

ಈಗೀಗ ಅವನ ದರ್ಬಾರಿಗೆ ಹೊಸ ನಮೂನೆಯ ಅರ್ಜಿಗಳು ಬರುತ್ತಿವೆ. "ಸರ್ವರ್‌ನಲ್ಲಿದ್ದ ಮುಂಜಿ ಫೋಟೋ ಕಾಣ್ತಿಲ್ಲ." ಇಷ್ಟು ಕಾಲ ಸರ್ವರ್ ಎನ್ನುವುದು ಕಚೇರಿಯ ಕಿಟಕಿಯ ಆಚೆಗಿದ್ದು, ನಾವು ಹೋದ ದಿನವೇ ಡೌನ್ ಆಗುತ್ತಿದ್ದ ಪದಾರ್ಥ. ಅದು ಮನೆಯೊಳಗೆ ಬಂದು ಬೀರುವಿನ ಮೇಲೆ ಕೂತು ಹಸಿರು ದೀಪ ಮಿಟುಕಿಸಲು ಶುರುಮಾಡಿದ್ದು ಇತ್ತೀಚೆಗೆ. ಎಲ್ಲರ ಫೋನುಗಳೂ ತುಂಬಿದವು. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಪುಕ್ಕಟೆಯಾಗಿ ಪೇರಿಸುವ ವೈಭೋಗ 2021ರ ಜೂನ್ 1ಕ್ಕೆ ಮುಗಿದು, ಎಲ್ಲವೂ 15 ಜಿಬಿಯೊಳಗೆ ಅಡಗಬೇಕಾಯಿತು. ತಿಂಗಳು ತಿಂಗಳು ಬಾಡಿಗೆ ಕಟ್ಟಲು ಮನಸ್ಸಿಲ್ಲದವರು, ಅದರಲ್ಲೂ ಸ್ವಲ್ಪ ಸ್ಕ್ರೂಡ್ರೈವರ್ ಹಿಡಿಯಬಲ್ಲವರು, ಎರಡು ಡಿಸ್ಕ್ ಹಿಡಿಯುವ ಕಪ್ಪು ಪೆಟ್ಟಿಗೆಯನ್ನೋ ಹಳೆಯ ಲ್ಯಾಪ್‌ಟಾಪನ್ನೋ ಮೂಲೆಯಲ್ಲಿಟ್ಟು ವೈಫೈಗೆ ತಗುಲಿಸಿದರು.

ಮನೆಗೊಂದು ಸರ್ವರ್ ಎನ್ನುವ ಕನಸು ಇದಕ್ಕಿಂತ ಹಳೆಯದು. ಮೈಕ್ರೋಸಾಫ್ಟ್ 2007ರಲ್ಲಿ ವಿಂಡೋಸ್ ಹೋಮ್ ಸರ್ವರ್ ಎಂಬುದನ್ನು ಹೊರತಂದಾಗ, ಅದರ ಪ್ರಚಾರಕ್ಕೆ ಮಕ್ಕಳ ಚಿತ್ರಪುಸ್ತಕವನ್ನೇ ಅಚ್ಚು ಹಾಕಿಸಿತ್ತು. 'ಅಮ್ಮಾ, ನಮ್ಮನೇಲಿ ಸರ್ವರ್ ಯಾಕಿದೆ?' ಎನ್ನುವಂಥ ಹೆಸರು. ತಮಾಷೆಯೆಂದರೆ ಅದೇ ಕಾಲಕ್ಕೆ ಆ ಸರ್ವರ್‌ನಲ್ಲಿ ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದು, ಫೈಲನ್ನು ಅಲ್ಲೇ ತೆರೆದು ತಿದ್ದಿದರೆ, ಕೆಲವು ಪ್ರೋಗ್ರಾಮ್‌ಗಳಲ್ಲಿ ಆ ಫೈಲು ಕೆಟ್ಟುಹೋಗುತ್ತದೆ ಎಂಬ ದೋಷ ಬಯಲಾಯಿತು. ಸರಿಪಡಿಸುವ ಹೊತ್ತಿಗೆ 2008ರ ಜುಲೈ. ಅಷ್ಟು ತಿಂಗಳು ಆ ಪುಸ್ತಕ ಓದಿದ ಮಗುವಿಗೆ ಅಮ್ಮ ಏನು ಉತ್ತರ ಕೊಟ್ಟಳೋ.

ನಮ್ಮ ಕುಟುಂಬದಲ್ಲಿ ಈ ಖಾತೆಯ ಮಂತ್ರಿ ನನ್ನ ಷಡ್ಡಕರು. ಮೈಸೂರಿನ ಕುವೆಂಪುನಗರದ ಅವರ ಮನೆಯಲ್ಲಿ, ರೂಮಿನ ಬೀರುವಿನ ಮೇಲೆ, ಅಂಗೈ ಅಗಲದ ರಾಸ್ಪ್‌ಬೆರಿ ಪೈ. ಅದರ ಪಕ್ಕ ಯುಎಸ್‌ಬಿ ಡಿಸ್ಕ್. ಮನೆಯ ಎಲ್ಲ ಫೋನುಗಳೂ ರಾತ್ರಿ ಚಾರ್ಜಿಗೆ ಹಾಕಿದಾಗ ಆ ದಿನದ ಫೋಟೋಗಳನ್ನು ತಾವಾಗಿ ಅದಕ್ಕೆ ಒಪ್ಪಿಸುತ್ತವೆ. ನಮ್ಮ ಮಾವನವರ ಷಷ್ಟ್ಯಬ್ದಿಯಿಂದ ಹಿಡಿದು ಹಿತ್ತಲ ಬ್ರಹ್ಮಕಮಲ ಅರಳಿದ ರಾತ್ರಿಯವರೆಗೆ ಸಕಲವೂ ಅದರೊಳಗೆ. ಮನೆಗೆ ಯುಪಿಎಸ್ ಇದೆ, ಆದರೆ ಅದರ ಸಾಲಿನಲ್ಲಿರುವುದು ಲೈಟು, ಫ್ಯಾನು, ಟೀವಿ. ಸರ್ವರ್ ಇರುವ ಪ್ಲಗ್ಗಿಗೆ ಆ ಭಾಗ್ಯವಿಲ್ಲ. ಮಳೆಗಾಲದ ಒಂದು ಸಂಜೆ ಗುಡುಗಿ, ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಮತ್ತೆ ಬಂತು. ಮರುದಿನ ಫೋನ್.

"ಭಾವ, ಎಲ್ಲಾ ಹೋಯ್ತು."

"ಏನಾಯ್ತು, ಯಾರಿಗೆ?"

"ಯಾರಿಗೂ ಏನಿಲ್ಲ. ಫೋಟೋ. ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ಖಾಲಿ."

"ಏನೂ ಮುಟ್ಟಬೇಡಿ. ಒಂದು ಲೋಟ ಕಾಫಿ ಕುಡೀರಿ."

"ಕಾಫಿ ಆಯ್ತು. ರಿಕವರಿ ಸಾಫ್ಟ್‌ವೇರ್ ಒಂದು ಡೌನ್‌ಲೋಡ್ ಮಾಡ್ತಾ ಇದೀನಿ. ಅದನ್ನ ಆ ಡಿಸ್ಕಿಗೇ ಹಾಕ್ಲಾ?"

"ಇನ್ನೊಂದು ಲೋಟ ಕುಡೀರಿ."

ಕಳೆದ ಫೈಲುಗಳ ವಿಷಯದಲ್ಲಿ ನನಗೆ ಗೊತ್ತಿರುವುದರ ಸಾರವೆಲ್ಲ ಈ ಎರಡು ಲೋಟದಲ್ಲಿದೆ. ಕಾಣುತ್ತಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಮನೆಯ ಸರ್ವರ್‌ಗಳಲ್ಲಿ 'ಹೋಯ್ತು' ಎನ್ನಿಸಿಕೊಳ್ಳುವ ಬಹುಪಾಲು ಫೈಲುಗಳು ಇದ್ದಲ್ಲೇ ಇರುತ್ತವೆ, ತಪ್ಪಿರುವುದು ಅಲ್ಲಿಗೆ ಹೋಗುವ ದಾರಿ. ಅವು ನಿಜವಾಗಿ ಹೋಗುವುದು ಆಮೇಲಿನ ಅರ್ಧ ಗಂಟೆಯಲ್ಲಿ, ನಾವು ಅವನ್ನು ಉಳಿಸಲು ಹೊರಟಾಗ. ಉಳಿಸುವ ಸಾಫ್ಟ್‌ವೇರನ್ನು ಅದೇ ಡಿಸ್ಕಿನ ಮೇಲೆ ಬರೆಯುವುದು ಆ ಕಾರ್ಯಕ್ರಮದ ಮೊದಲ ಬಾಬತ್ತು.

ಆ ಸಂಜೆ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಂಡೋಸ್‌ನಲ್ಲಿ ಪ್ರತಿ ಡಿಸ್ಕಿಗೂ ಸಿ, ಡಿ, ಇ ಎಂದು ಒಂದೊಂದು ಅಕ್ಷರವಿರುತ್ತದೆ. ಡಿಸ್ಕ್ ಕಿತ್ತರೆ ಆ ಅಕ್ಷರವೂ ಮಾಯ, ಯಾರಿಗಾದರೂ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಹಾಗಿಲ್ಲ. ಮನೆಯ ಸರ್ವರ್‌ಗಳು ಬಹುತೇಕ ಲಿನಕ್ಸ್ ಅಥವಾ ಅದರ ದಾಯಾದಿಗಳೇ. ಅಲ್ಲಿ ಇರುವುದು ಒಂದೇ ಮರ. ಹೊಸ ಡಿಸ್ಕನ್ನು ಆ ಮರದ ಯಾವುದೋ ಒಂದು ಫೋಲ್ಡರಿನ ಮೇಲೆ 'ಮೌಂಟ್' ಮಾಡುತ್ತಾರೆ. ಆ ಫೋಲ್ಡರ್ ಮೊದಲೇ ಇರಬೇಕು, ಸಾಮಾನ್ಯವಾಗಿ ಖಾಲಿ ಇರುತ್ತದೆ. ಡಿಸ್ಕ್ ಕೂತ ಮೇಲೆ ಅಲ್ಲಿ ಕಾಣುವುದೆಲ್ಲ ಡಿಸ್ಕಿನದು. ಡಿಸ್ಕ್ ಕೂರದೆ ಹೋದರೂ ಫೋಲ್ಡರ್ ಮಾತ್ರ ಏನೂ ಆಗದವರ ಹಾಗೆ ಅಲ್ಲೇ ಇರುತ್ತದೆ, ಖಾಲಿಯಾಗಿ. ಕರೆಂಟು ಬಂದಾಗ ಪುಟ್ಟ ಪೈ ಚಟ್ಟನೆ ಎದ್ದಿತು. ಡಿಸ್ಕ್ ಇನ್ನೂ ತಿರುಗಿ ಸಿದ್ಧವಾಗಿರಲಿಲ್ಲ. ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ನೀನು ಏಳು ಎಂದು ಸೆಟ್ಟಿಂಗ್‌ನಲ್ಲಿ ಬರೆದಿತ್ತು. ಹೇಳಿದ ಹಾಗೆ ಎದ್ದಿತು. ಷಡ್ಡಕರು ನೋಡಿದ್ದು ಡಿಸ್ಕನ್ನಲ್ಲ, ಡಿಸ್ಕ್ ಕೂರಬೇಕಾದ ಬರಿಯ ಜಾಗವನ್ನು.

ಇದಾದರೆ ಸುಲಭ. ಪೈಯನ್ನು ನೆಟ್ಟಗೆ ಆರಿಸಿ ಮತ್ತೆ ಹಚ್ಚಿದರು, ಷಷ್ಟ್ಯಬ್ದಿ ಸಮೇತ ಎಲ್ಲವೂ ಬಂತು. ಮನೆಯಲ್ಲಿ ಕೇಸರಿಬಾತ್ ಆಯಿತಂತೆ. ನಿಜವಾದ ಕಥೆ ಶುರುವಾದದ್ದು ಅದರ ಮಾರನೆಯ ಮಳೆಗೆ. ಈ ಸಲ ಡಿಸ್ಕ್ ಕೂರದೆ ಇದ್ದದ್ದನ್ನು ಕೆಲವು ದಿನ ಯಾರೂ ಗಮನಿಸಲೇ ಇಲ್ಲ. ಫೋನುಗಳು ಮಾತ್ರ ರಾತ್ರಿ ರಾತ್ರಿ ನಿಷ್ಠೆಯಿಂದ ಫೋಟೋ ಒಪ್ಪಿಸುತ್ತಲೇ ಇದ್ದವು, 'ಬ್ಯಾಕಪ್ ಮುಗಿದಿದೆ' ಎಂದು ಹಸಿರು ಗುರುತು ತೋರಿಸುತ್ತಲೂ ಇದ್ದವು. ಅದನ್ನು ನಂಬಿ ನಾದಿನಿ ತನ್ನ ಫೋನಿನಿಂದ ಅವನ್ನು ಅಳಿಸಿ ಜಾಗ ಮಾಡಿಕೊಂಡಳು. ಆಮೇಲೆ ಯಾರೋ ಡಿಸ್ಕ್ ಕೂತಿಲ್ಲವೆಂದು ಕಂಡು ಕೂರಿಸಿದರು. ಹಳೆಯದೆಲ್ಲ ಹಾಜರ್; ಹೊಸ ಫೋಟೋಗಳು ಒಂದೂ ಇಲ್ಲ. ಫೋನಿನಲ್ಲೂ ಇಲ್ಲ, ಸರ್ವರ್‌ನಲ್ಲೂ ಇಲ್ಲ.

ಅವು ಎಲ್ಲಿದ್ದವು? ನೆಲದ ಮೇಲೆ ರಂಗೋಲಿ ಇದೆ, ಅದರ ಮೇಲೆ ಚಾಪೆ ಹಾಸಿದ್ದೇವೆ ಅಂದುಕೊಳ್ಳಿ. ರಂಗೋಲಿ ಅಳಿಸಿಲ್ಲ, ಆದರೆ ಚಾಪೆಯ ಮೇಲೆ ಕೂತು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಡಿಸ್ಕ್ ಇಲ್ಲದ ದಿನಗಳಲ್ಲಿ ಫೋಟೋಗಳು ಆ ಖಾಲಿ ಫೋಲ್ಡರಿಗೇ, ಅಂದರೆ ಪೈಯೊಳಗಿನ ಚಿಕ್ಕ ಮೆಮೊರಿ ಕಾರ್ಡಿಗೆ ಬಂದು ಬಿದ್ದಿದ್ದವು. ಡಿಸ್ಕ್ ಮೌಂಟ್ ಆದದ್ದೇ ಅದರ ಅಡಿಗೆ ಸೇರಿದವು. ಇದನ್ನು ಪತ್ತೆಹಚ್ಚುವ ಸುಳಿವು ಒಂದಿದೆ, ಪತ್ತೇದಾರಿ ಕಾದಂಬರಿ ಓದಿದವರಿಗೆ ಖುಷಿಯಾಗುವಂಥದ್ದು. ಕಾರ್ಡಿನಲ್ಲಿ ಎಷ್ಟು ಜಾಗ ಖರ್ಚಾಗಿದೆ ಎಂದು ಒಂದು ಕಮಾಂಡ್ ಕೇಳಿ: ಪೂರ್ತಿ ತುಂಬಿದೆ ಎನ್ನುತ್ತದೆ. ಒಳಗಿರುವ ಫೈಲುಗಳನ್ನೆಲ್ಲ ಕೂಡಿಸಿ ಹೇಳು ಎಂದು ಇನ್ನೊಂದನ್ನು ಕೇಳಿ: ಅದರ ಕಾಲು ಭಾಗವೂ ಆಗುವುದಿಲ್ಲ. ಲೆಕ್ಕಕ್ಕೆ ಸಿಗದ ಮುಕ್ಕಾಲು ಭಾಗ ಚಾಪೆಯ ಕೆಳಗಿದೆ. ಡಿಸ್ಕನ್ನು ಅನ್‌ಮೌಂಟ್ ಮಾಡಿದರೆ ಕಾಣುತ್ತದೆ. ಅದು ಆಗದಿದ್ದರೆ ಇಡೀ ಮರದ ಬುಡವನ್ನೇ ಇನ್ನೊಂದು ಫೋಲ್ಡರಿಗೆ ಬೈಂಡ್ ಮೌಂಟ್ ಮಾಡಿ ಇಣುಕಬಹುದು. ನಾದಿನಿಯ ಫೋಟೋಗಳು ಅಲ್ಲೇ, ದಿನಾಂಕದ ಸಾಲಿನಲ್ಲಿ, ಒಂದೂ ಮುಕ್ಕಾಗದೆ ಕೂತಿದ್ದವು.

ಇದಕ್ಕೊಂದು ಮದ್ದೂ ಇದೆ, ಹೇಳಿಬಿಡುತ್ತೇನೆ. ಡಿಸ್ಕ್ ಕೂರುವ ಮೊದಲು, ಆ ಖಾಲಿ ಫೋಲ್ಡರಿಗೆ ಯಾರೂ ಏನೂ ಬರೆಯಲಾಗದಂತೆ ಇಮ್ಯೂಟಬಲ್ ಗುರುತು ಹಾಕಬಹುದು. ಆಗ ಡಿಸ್ಕ್ ಇಲ್ಲದ ದಿನ ಫೋನು ಸುಳ್ಳು ಹಸಿರು ತೋರಿಸುವ ಬದಲು ಆಗಲಿಲ್ಲವೆಂದು ಕೂಗಿಕೊಳ್ಳುತ್ತದೆ. ಯಂತ್ರ ಕೂಗಿಕೊಂಡರೆ ನಮಗೆ ಕಿರಿಕಿರಿ. ಆದರೆ ತೆಪ್ಪಗಿರುವ ಯಂತ್ರಕ್ಕಿಂತ ಅದು ವಾಸಿ. ಪ್ರೋಗ್ರಾಮುಗಳನ್ನು ಒಂದೊಂದು ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಕಂಟೇನರ್ ಇಟ್ಟುಕೊಂಡವರದ್ದೂ ಇದೇ ಗೋಳು: ಹೊರಗಿನ ಫೋಲ್ಡರಿನ ದಾರಿ ತಪ್ಪಾಗಿ ಬರೆದರೆ ಫೈಲುಗಳು ಕಂಟೇನರಿನ ಹೊಟ್ಟೆಯೊಳಗೇ ಬೀಳುತ್ತವೆ. ಮುಂದಿನ ಅಪ್‌ಡೇಟ್‌ಗೆ ಹಳೆಯ ಕಂಟೇನರ್ ತೆಗೆದು ಹೊಸದು ಇಡುವಾಗ ಹೊಟ್ಟೆ ಸಮೇತ ಹೋಗುತ್ತವೆ. ಅದು ಮಾತ್ರ ನಿಜವಾಗಿ ಹೋಗುವುದು.

ಹೆಸರಿನ ಗಲಾಟೆಯಿಂದ ಕಾಣೆಯಾಗುವ ಫೈಲುಗಳದ್ದು ಇನ್ನೊಂದು ಕುಲ. ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡ ಅಕ್ಷರ ಬೇರೆ, ಚಿಕ್ಕ ಅಕ್ಷರ ಬೇರೆ. ವಿಂಡೋಸ್‌ಗೆ ಎರಡೂ ಒಂದೇ. ಸರ್ವರ್‌ನಲ್ಲಿ 'ಫೋಟೋಸ್' ಎಂಬ ಫೋಲ್ಡರ್ ದೊಡ್ಡ ಪಿಯಿಂದ ಒಂದು, ಚಿಕ್ಕ ಪಿಯಿಂದ ಒಂದು ಹುಟ್ಟಿಕೊಂಡಿದ್ದರೆ, ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಯಾವುದನ್ನು ಒತ್ತಿದರೂ ತೆರೆದುಕೊಳ್ಳುವುದು ಒಂದೇ. ಇನ್ನೊಂದರ ಸರಕು ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಎಲ್ಲ ದೇಶದವರಿಗೂ ಸಮಾನವಾಗಿ ಹಂಚಿದ ಕಷ್ಟ.

ನಮಗೆ ಕನ್ನಡಿಗರಿಗೆ ಇದರ ಮೇಲೆ ಒಂದು ಕೊಸರು ಸಿಕ್ಕಿದೆ. ನನ್ನ ತಂಗಿಯ ಮಗಳು ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಡುವ ಹುಡುಗಿ. ಅವಳದು ಹಳೆಯ ಮ್ಯಾಕ್. 'ಗೋಕರ್ಣ' ಎಂದು ಹೆಸರಿಟ್ಟು ಸರ್ವರ್‌ಗೆ ಕಳಿಸಿದಳು. ಅವಳ ಅಮ್ಮ ಫೋನಿನಲ್ಲಿ 'ಗೋಕರ್ಣ' ಎಂದು ಒತ್ತಿ ಹುಡುಕಿದರೆ ಇಲ್ಲ. ಪಟ್ಟಿಯಲ್ಲಿ ಕಣ್ಣೆದುರಿಗೇ ಇದೆ, ಹುಡುಕಿದರೆ ಇಲ್ಲ. ಕಾರಣ ಯೂನಿಕೋಡ್. ಅದರಲ್ಲಿ 'ಗೋ' ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು. ಗಕಾರಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಿದರೆ ಎರಡು ಸಂಕೇತ. ಆ ಓತ್ವವನ್ನೇ ಬಿಡಿಸಿ ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘದ ಗುರುತು ಎಂದು ಇಟ್ಟರೆ ಒಟ್ಟು ನಾಲ್ಕು. ಕಣ್ಣಿಗೆ ಎರಡೂ ಒಂದೇ 'ಗೋ'. ಬೈಟು ಎಣಿಸುವ ಯಂತ್ರಕ್ಕೆ ಒಂದು 6, ಇನ್ನೊಂದು 12. ಮ್ಯಾಕಿನ ಹಳೆಯ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಹೀಗೆ ಬಿಡಿಸಿಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಮಾತ್ರ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ, ಎರಡೂ ಒಂದೇ ಎಂದು ಅದಕ್ಕೆ ಹೊಳೆಯುವುದಿಲ್ಲ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಎರಡು ಗೋಕರ್ಣಗಳು ಅಕ್ಕಪಕ್ಕ ನಿಲ್ಲಬಹುದು. 'ಧಾರವಾಡ'ಕ್ಕೆ ಈ ಕಾಟವಿಲ್ಲ, ಅದರಲ್ಲಿ ಬಿಡಿಸುವಂಥ ಗುಣಿತವೇ ಇಲ್ಲ. 'ಬೇಲೂರು', 'ಮೈಸೂರು', 'ಕೋಲಾರ' ಇವಕ್ಕೆಲ್ಲ ಇದೆ. ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಸಲಕರಣೆ ಕನ್ವ್‌ಎಂವಿ ಎಂಬುದು. ಅದನ್ನು ಓಡಿಸಿದ ಮೇಲೆ ತಂಗಿಗೆ ಗೋಕರ್ಣ ಸಿಕ್ಕಿತು.

ಬೈಟಿನ ಲೆಕ್ಕ ಬಂತಲ್ಲ, ಇನ್ನೊಂದು ಮಾತು. ಲಿನಕ್ಸ್‌ನಲ್ಲಿ ಒಂದು ಫೈಲಿನ ಹೆಸರು 255 ಬೈಟು ಮೀರುವಂತಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಗುಪ್ತಲಿಪಿಯ ಫೋಲ್ಡರ್ ಮಾಡಿಕೊಂಡರೆ ಮಿತಿ 143ಕ್ಕೆ ಇಳಿಯುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. 'ಲಕ್ಷ್ಮೀ' ಎಂಬ ಎರಡಕ್ಷರಕ್ಕೆ ಏಳು ಸಂಕೇತ, 21 ಬೈಟು! 143 ಬೈಟಿನಲ್ಲಿ ಹಿಡಿಯುವುದು 47 ಸಂಕೇತ. ನಮ್ಮ ಕಡೆಯ ಆಮಂತ್ರಣ ಪತ್ರಿಕೆಯ ಮೊದಲ ಸಾಲನ್ನೇ ಫೈಲಿನ ಹೆಸರು ಮಾಡುವ ಚಿಕ್ಕಪ್ಪಂದಿರಿದ್ದಾರೆ. ಅಂಥ ಫೈಲು ನಕಲಾಗುವಾಗ ದೇವರ ಹೆಸರು ಮುಗಿಯುವ ಮೊದಲೇ ಮಿತಿ ಮುಗಿದು ಹೊರಗೇ ಉಳಿಯುತ್ತದೆ. ಯಾಕೆ ಉಳಿಯಿತೆಂಬುದು ಯಾರೂ ಓದದ ಲಾಗ್ ಒಂದರಲ್ಲಿ ಬರೆದಿರುತ್ತದೆ. ಆರು ತಿಂಗಳ ಮೇಲೆ ಹುಡುಕಿ, ಕಳೆಯಿತೆಂದು ಗೋಳಾಡುತ್ತಾರೆ. ಅದು ಒಳಗೆ ಕಾಲಿಟ್ಟೇ ಇರಲಿಲ್ಲ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳದ್ದೂ ಇದೇ ಜಾತಿಯ ಕಥೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಸಂತೆ. ಹಾಳಾಗಿದೆ ಎಂದು ಅಳಿಸಿಬಿಟ್ಟವರನ್ನು ಕಂಡಿದ್ದೇನೆ. ಹಾಳಾಗಿರುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳಿವೆ, ತಾತನ ಆತ್ಮಕಥೆ ಎದ್ದು ಬರುತ್ತದೆ.

ಕೆಲವನ್ನು ಕಂಪ್ಯೂಟರೇ ಬೇಕೆಂದು ಬಚ್ಚಿಡುತ್ತದೆ. ಚುಕ್ಕೆಯಿಂದ ಶುರುವಾಗುವ ಹೆಸರಿನ ಫೈಲುಗಳು ಯುನಿಕ್ಸ್ ವಂಶದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದರ ಹುಟ್ಟಿನ ಕಥೆ ಹೇಳಿದ. ಪ್ರತಿ ಫೋಲ್ಡರಿನಲ್ಲೂ 'ನಾನೇ' ಎನ್ನಲು ಒಂದು ಚುಕ್ಕೆ, 'ನನ್ನ ಮೇಲಿನವನು' ಎನ್ನಲು ಎರಡು ಚುಕ್ಕೆ ಎಂಬ ನಮೂದುಗಳಿರುತ್ತವೆ. ಪಟ್ಟಿಯಲ್ಲಿ ಅವು ಬರದಿರಲೆಂದು ಮೊದಲ ಅಕ್ಷರ ಚುಕ್ಕೆಯಾದರೆ ಬಿಟ್ಟುಬಿಡು ಎಂದು ಬರೆದರು. ಸೋಮಾರಿತನದ ಆ ಒಂದು ಸಾಲಿನಿಂದಾಗಿ ಚುಕ್ಕೆ ಇಟ್ಟುಕೊಂಡ ಸಕಲರೂ ಅದೃಶ್ಯರಾಗುವ ವರ ಪಡೆದರು. ಅರ್ಧ ಶತಮಾನವಾಯಿತು, ಇನ್ನೂ ಹಿಂದಕ್ಕೆ ಪಡೆದಿಲ್ಲ.

ಇದಕ್ಕೂ ಒಂದು ಕೈ ಮೇಲು ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮತ್ತವರ ಜೊತೆಯವರು ಕಟ್ಟಿದ ಕಡತ ವ್ಯವಸ್ಥೆ. ಅದರಲ್ಲಿ 'ಸ್ನ್ಯಾಪ್‌ಶಾಟ್' ಎಂಬ ಸೌಕರ್ಯ ಇದೆ: ಈ ಕ್ಷಣ ಡಿಸ್ಕ್ ಹೇಗಿದೆಯೋ ಹಾಗೆ ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಯಾರೇನು ಅಳಿಸಿದರೂ ತಿದ್ದಿದರೂ ಹಳೆಯ ತುಣುಕುಗಳನ್ನು ಬಿಟ್ಟುಕೊಡುವುದಿಲ್ಲ. ಆ ಸ್ನ್ಯಾಪ್‌ಶಾಟುಗಳಿರುವ ಫೋಲ್ಡರ್ ಪಟ್ಟಿಯಲ್ಲಿ ಕಾಣುವುದಿಲ್ಲ, ಅಡಗಿದ ಫೈಲುಗಳನ್ನೂ ತೋರಿಸು ಎಂದರೂ ಕಾಣುವುದಿಲ್ಲ. ಹೆಸರು ಗೊತ್ತಿದ್ದು ಹೆಸರು ಹಿಡಿದು ನೇರ ಒಳಗೆ ಹೋದರೆ ಮಾತ್ರ ಬಾಗಿಲು ತೆಗೆಯುತ್ತದೆ. ತಿಂಗಳ ಹಿಂದಿನ ಮನೆ ಹೇಗಿತ್ತೋ ಹಾಗೇ ಒಳಗಿದೆ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದರಲ್ಲೂ ಸ್ನ್ಯಾಪ್‌ಶಾಟ್ ಇದೆ. ಮನೆಗೆ ಪೆಟ್ಟಿಗೆ ತರುವವರು ಎಷ್ಟು ಟೆರಾಬೈಟ್ ಎಂದಷ್ಟೇ ಕೇಳುತ್ತಾರೆ. ನನ್ನ ಕೇಳಿದರೆ ಸ್ನ್ಯಾಪ್‌ಶಾಟ್ ಇದೆಯೇ ಎನ್ನುವುದು ಮೊದಲು ಕೇಳಬೇಕಾದ ಮಾತು.

ಯಾಕೆಂದರೆ ಮನೆಯಲ್ಲಿ ಅಳಿಸುವವರು ನಾವೇ. ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ ಫೈಲು ವಿಂಡೋಸ್‌ನ ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರ ಹೋಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಾಗುವುದು ಅಳಿಸಿದ ಮೇಲೆ. ಸರ್ವರ್‌ನ ಕಡೆಯಲ್ಲಿ ಅದರದೇ ಬುಟ್ಟಿಯನ್ನು ಮೊದಲೇ ಇಟ್ಟಿದ್ದರೆ ಬಚಾವು.

ಬುಟ್ಟಿಯೂ ಇಲ್ಲ, ಸ್ನ್ಯಾಪ್‌ಶಾಟೂ ಇಲ್ಲ, ನಿಜವಾಗಿಯೇ ಅಳಿಸಿದೆ ಅಂದರೆ? ಆಗಲೂ ಮೊದಲ ಕೆಲಸ ಬರೆಯುವುದನ್ನು ನಿಲ್ಲಿಸುವುದೇ. ಅಳಿಸುವುದೆಂದರೆ ಮಾಹಿತಿಯನ್ನು ಉಜ್ಜುವುದಲ್ಲ. ಇಂಥ ಹೆಸರಿನ ಫೈಲು ಇಂತಿಂಥ ಕಡೆ ಇದೆ ಎಂಬ ವಿಳಾಸವನ್ನು ಹೊಡೆದುಹಾಕಿ, ಆ ಜಾಗ ಖಾಲಿ ಎಂದು ಬರೆದುಕೊಳ್ಳುವುದು. ಮೇಲೆ ಬೇರೇನೂ ಬೀಳದಿದ್ದರೆ ಒಳಗಿನದು ಹಾಗೇ ಇರುತ್ತದೆ. ಎಸ್‌ಎಸ್‌ಡಿಯಾದರೆ ಈ ಮಾತು ಹೇಳುವಂತಿಲ್ಲ. ಖಾಲಿ ಎಂದ ಜಾಗವನ್ನು ಅದು ಟ್ರಿಮ್ ಎಂಬ ಆಜ್ಞೆ ಬಂದೊಡನೆ ತಾನೇ ಸ್ವಚ್ಛ ಮಾಡಿಕೊಂಡುಬಿಡುತ್ತದೆ. ತಿರುಗುವ ಹಳೆಯ ಡಿಸ್ಕಾದರೆ ಫೋಟೋರೆಕ್ ಎಂಬ ಪುಕ್ಕಟೆ ತಂತ್ರಾಂಶವಿದೆ, ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದದ್ದು. ಅದು ವಿಳಾಸದ ಪುಸ್ತಕ ನೋಡುವುದೇ ಇಲ್ಲ. ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ ಹೋಗುತ್ತದೆ. ಜೆಪೆಗ್ ಚಿತ್ರವಾದರೆ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟಿನಿಂದ ಶುರುವಾಗಲೇಬೇಕು. ಅದು ಕಂಡಲ್ಲೆಲ್ಲ ಇಲ್ಲೊಂದು ಚಿತ್ರವಿದೆ ಎಂದು ಎತ್ತಿಡುತ್ತದೆ.

ಎತ್ತಿಡುತ್ತದೆ, ಸರಿ. ಆದರೆ ಹೆಸರು? ಅದು ವಿಳಾಸದ ಜೊತೆಗೇ ಹೋಗಿದೆ. ಸಾವಿರಾರು ಚಿತ್ರಗಳು ಎಫ್ ಎಂಬ ಅಕ್ಷರ ಮತ್ತು ಒಂದು ಉದ್ದ ಸಂಖ್ಯೆ ಹೊತ್ತು ಸಾಲಾಗಿ ನಿಲ್ಲುತ್ತವೆ. ಮುಂಜಿ, ಮದುವೆ, ಆಧಾರ್ ಕಾರ್ಡಿನ ಎರಡೂ ಬದಿ, ವಾಟ್ಸಾಪ್‌ನ ಶುಭೋದಯದ ಗುಲಾಬಿ, ಕೊಳಾಯಿಯವನಿಗೆ ತೋರಿಸಲೆಂದು ತೆಗೆದ ಒಡೆದ ಪೈಪು ಎಲ್ಲಕ್ಕೂ ಒಂದೇ ಅಂತಸ್ತು. ಒಂದೊಂದು ಫೋಟೋದ ಒಳಗೆ ಅಡಗಿರುವ ಅಂಚೆಚೀಟಿಯಷ್ಟು ಚಿತ್ರವನ್ನೂ ಬೇರೆಯಾಗಿ ಎತ್ತಿ ಕೊಡುತ್ತದೆ, ಪುಣ್ಯಾತ್ಮ. ದೊಡ್ಡ ವಿಡಿಯೊಗಳು ಡಿಸ್ಕಿನಲ್ಲಿ ತುಂಡು ತುಂಡಾಗಿ ಹರಡಿದ್ದರೆ ಅರ್ಧಂಬರ್ಧ. ಚಿತ್ರದೊಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕವಿರುತ್ತದೆ, ಅದನ್ನು ಹಿಡಿದು ಸಾಲು ಮಾಡಬಹುದು. ಫೋಟೋ ಉಳಿಸಿಕೊಡುವುದು ಒಂದು ರಾತ್ರಿಯ ಯಂತ್ರದ ಕೆಲಸ, ವಿಂಗಡಿಸುವುದು ಮಳೆಗಾಲವಿಡೀ ಮನುಷ್ಯರ ಕೆಲಸ.

ಇಷ್ಟರ ನಡುವೆ ಯಾರಾದರೂ ಡಿಸ್ಕನ್ನು ಪೆಟ್ಟಿಗೆಯಿಂದ ಕಿತ್ತು ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿ ನೋಡೋಣ ಎನ್ನುತ್ತಾರೆ. ಹೆಚ್ಚಾಗಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ವಿಂಡೋಸ್‌ಗೆ ಲಿನಕ್ಸ್‌ನ ಡಿಸ್ಕ್ ಓದಲು ಬರುವುದಿಲ್ಲ. ಬರುವುದಿಲ್ಲವೆಂದು ಸುಮ್ಮನಿದ್ದರೆ ಸಾಕಿತ್ತು. 'ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ಕೇಳುತ್ತದೆ. ಜಗತ್ತಿನಲ್ಲಿ ಇಷ್ಟು ವಿನಯದಿಂದ ಕೇಳುವ ಕೊಲೆಗಾರ ಇನ್ನೊಬ್ಬನಿಲ್ಲ. ಎರಡು ಡಿಸ್ಕಿನ ಪೆಟ್ಟಿಗೆಗಳಲ್ಲಿ ಇದರ ಸೋದರನಿದ್ದಾನೆ, 'ಇನಿಷಿಯಲೈಸ್' ಎಂದು ಅವನ ಹೆಸರು.

"ನಮ್ಮದು ರೇಡ್ ಇದೆ, ಭಯ ಇಲ್ಲ" ಎನ್ನುವವರಿದ್ದಾರೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು 1988ರಲ್ಲಿ ಈ ರೇಡ್ ಬಗ್ಗೆ ಪ್ರಬಂಧ ಬರೆದದ್ದು, ಅಗ್ಗದ ಡಿಸ್ಕುಗಳ ಗುಂಪಿನಲ್ಲಿ ಒಂದು ಕೆಟ್ಟರೂ ಕೆಲಸ ನಡೆಯಬೇಕು ಎಂಬ ಉದ್ದೇಶಕ್ಕೆ. ಅಷ್ಟಕ್ಕೆ ಅದು ಸೊಗಸಾದ ಯೋಚನೆ. ಆದರೆ ಎರಡು ಡಿಸ್ಕೂ ಒಂದಕ್ಕೊಂದು ಕನ್ನಡಿಯಾಗಿರುವಾಗ ನೀವು ಫೈಲು ಅಳಿಸಿದರೆ ಕನ್ನಡಿಯ ಎರಡೂ ಬದಿಯಲ್ಲಿ ಅದೇ ಕ್ಷಣ, ಅಷ್ಟೇ ಶ್ರದ್ಧೆಯಿಂದ ಅಳಿಯುತ್ತದೆ.

ಪೂರಾ ಹೋದದ್ದಕ್ಕೂ ಉದಾಹರಣೆ ಕೊಡಬೇಕಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಮನೆಪೆಟ್ಟಿಗೆ ಇಟ್ಟುಕೊಂಡಿದ್ದ ಜನ ಬೆಳಗ್ಗೆ ಎದ್ದು ನೋಡಿದರೆ ಡಿಸ್ಕು ಅಂಗಡಿಯಿಂದ ಬಂದ ದಿನದ ಹಾಗೆ ಬೋಳಾಗಿತ್ತು. ಇಂಟರ್‌ನೆಟ್ಟಿನಿಂದ ಯಾರೋ ಫ್ಯಾಕ್ಟರಿ ರೀಸೆಟ್ ಒತ್ತಿದ್ದರು. ಆ ಗುಂಡಿಗೆ ಪಾಸ್‌ವರ್ಡ್ ಕೇಳುವ ಸಾಲುಗಳು ಕೋಡಿನಲ್ಲಿ ಇದ್ದವು, ಆದರೆ ಕೆಲಸ ಮಾಡದಂತೆ ಟಿಪ್ಪಣಿಯ ಗುರುತು ಹಾಕಿ ಸುಮ್ಮನಾಗಿಸಿದ್ದರು. 2015ರಿಂದ ಆ ಪೆಟ್ಟಿಗೆಗೆ ಅಪ್‌ಡೇಟ್ ಬಂದಿರಲಿಲ್ಲ. ಮನೆಯ ಸರ್ವರನ್ನು ಬೀದಿಗೆ ತೆರೆದಿಡಬಾರದು ಎಂದು ನಾನು ಹಠ ಹಿಡಿಯುವುದು ಇದಕ್ಕೇ. ಊರಿಗೆ ಹೋದಾಗ ಫೋಟೋ ನೋಡದಿದ್ದರೆ ಏನು ಗಂಟು ಹೋಗುತ್ತದೆ?

ಅಂಥ ಹೊತ್ತಿಗೆ ಕೈಹಿಡಿಯುವುದು ಬೇರೆ ಮನೆಯಲ್ಲಿರುವ ಇನ್ನೊಂದು ಪ್ರತಿ. ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ, 1998ರಲ್ಲಿ, ಪಿಕ್ಸಾರ್‌ನಲ್ಲಿ ಯಾರೋ ತಪ್ಪು ಜಾಗದಲ್ಲಿ ಅಳಿಸುವ ಕಮಾಂಡ್ ಕೊಟ್ಟು, ಪಾತ್ರಗಳು ತೆರೆಯ ಮೇಲಿಂದ ಒಂದೊಂದಾಗಿ ಕರಗತೊಡಗಿದ್ದವು. ಬ್ಯಾಕಪ್ ಇದೆಯೆಂದು ಹೋದರೆ ಅದು ಸರಿಯಾಗಿ ಆಗುತ್ತಲೇ ಇರಲಿಲ್ಲ. ಕೊನೆಗೆ ಉಳಿಸಿದ್ದು, ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ. ಅದಕ್ಕೆ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದರಂತೆ. ಬಾಣಂತಿ ಕಂಪ್ಯೂಟರು.

ನಮ್ಮ ಷಡ್ಡಕರೂ ಈ ಮಾತು ಒಪ್ಪಿ, ಪೈಗೆ ನಿವೃತ್ತಿ ಕೊಟ್ಟು, ಸ್ನ್ಯಾಪ್‌ಶಾಟ್ ಇರುವ ಎರಡು ಡಿಸ್ಕಿನ ಪೆಟ್ಟಿಗೆ ತಂದರು. ಬ್ಯಾಕಪ್‌ಗೆಂದು ಇನ್ನೊಂದು ಡಿಸ್ಕೂ ತಂದರು. ಅದನ್ನಿಟ್ಟದ್ದು ಮಾತ್ರ ಅದೇ ಬೀರುವಿನ ಮೇಲೆ, ಪೆಟ್ಟಿಗೆಯ ಪಕ್ಕದಲ್ಲೇ. ಬೆಂಕಿ, ಕಳ್ಳ, ಸೋರುವ ತಾರಸಿ ಯಾವುದೇ ಬಂದರೂ ಎರಡಕ್ಕೂ ಒಟ್ಟಿಗೇ ಸೌಕರ್ಯ. ಬಹಳ ಚರ್ಚೆಯಾಗಿ, ಆ ಡಿಸ್ಕು ಹಾಸನದಲ್ಲಿರುವ ನಮ್ಮಿಬ್ಬರ ಅತ್ತೆಯವರ ಮನೆಯಲ್ಲಿರಲಿ, ತಿಂಗಳಿಗೊಮ್ಮೆ ಹೋಗಿಬರುವಾಗ ತಂದು ಹೊಸ ಫೋಟೋ ತುಂಬಿಸಿ ಒಯ್ಯುವುದು ಎಂದು ತೀರ್ಮಾನವಾಯಿತು. ಅತ್ತೆಯವರು ಬೀರುವಿನಲ್ಲಿ ಬೆಳ್ಳಿ ಸಾಮಾನಿನ ಪಕ್ಕ ಜಾಗ ಕೊಡಲು ಒಪ್ಪಿದರು, ಒಂದು ಷರತ್ತಿನ ಮೇಲೆ.

"ಷಷ್ಟ್ಯಬ್ದಿ ದಿನ ನಾನು ಹಸೆ ಮೇಲೆ ಕೂತು ಆಕಳಿಸ್ತಾ ಇರೋದು ಒಂದು ಫೋಟೋ ಇದೆಯಲ್ಲ, ಅದನ್ನ ಮೊದಲು ತೆಗೆದುಹಾಕಿ. ಆಮೇಲೆ ಅದೇನು ಪೆಟ್ಟಿಗೆಯೋ ತಂದಿಡಿ."

ಷಡ್ಡಕರು ಅವರೆದುರೇ ಲ್ಯಾಪ್‌ಟಾಪ್ ತೆರೆದು ಅಳಿಸಿದರು. ಸರ್ವರ್‌ನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸಿದರು. ಅತ್ತೆಯವರಿಗೆ ಸಮಾಧಾನವಾಗಿ ಚಿರೋಟಿ ಬಂತು. ಆದರೆ ಸ್ನ್ಯಾಪ್‌ಶಾಟುಗಳು ಇವೆಯಲ್ಲ: ದಿನದ್ದು ಒಂದು ತಿಂಗಳು, ತಿಂಗಳದ್ದು ಒಂದು ವರ್ಷ ಉಳಿಯುವ ಹಾಗೆ ಇವರೇ ಇಟ್ಟಿದ್ದಾರೆ. ಹಾಸನದ ಡಿಸ್ಕಿಗೆ ಹೋಗುವುದೂ ಆ ಸ್ನ್ಯಾಪ್‌ಶಾಟುಗಳೇ. ಅಂದರೆ ಆಕಳಿಕೆ ಮೈಸೂರಿನಲ್ಲೂ ಇದೆ, ಅತ್ತೆಯವರದೇ ಬೀರುವಿನಲ್ಲಿ ಪಂಚಪಾತ್ರೆಯ ಪಕ್ಕದಲ್ಲೂ ಇದೆ, ಇನ್ನೊಂದು ವರ್ಷ ಯಾರೂ ಅಲುಗಿಸಲಾಗದ ಹಾಗೆ. "ಪೂರ್ತಿ ಹೋಗಿದೆ ತಾನೆ?" ಎಂದು ಪ್ರತಿ ತಿಂಗಳೂ ಕೇಳುತ್ತಾರಂತೆ. ಷಡ್ಡಕರು ಚಿರೋಟಿಯನ್ನು ಬಾಯಿಗೆ ಹಾಕಿಕೊಂಡು ತಲೆಯಾಡಿಸುತ್ತಾರೆ, ಅದು ಹೌದೋ ಅಲ್ಲವೋ ಅತ್ತೆಯವರಿಗೂ ಇನ್ನೂ ಗೊತ್ತಾಗಿಲ್ಲ.